ಎಡಗೈಗೆ ಬಿಡುವು

ರೀ,

ನೀವು ಸಮೀರವಾಡಿಯ ಫ್ಯಾಕ್ಟರಿಯಿಂದ ರಾತ್ರಿಪಾಳಿ ಮುಗಿಸಿ ಬರುವಷ್ಟರಲ್ಲಿ ನಾನು ಕೆಲಸಕ್ಕೆ ಹೊರಟು ಜಮಖಂಡಿ ಬಸ್ಸಿನಲ್ಲಿರುತ್ತೇನೆ. ಝುಣಕ, ರೊಟ್ಟಿ ಮುಚ್ಚಿಟ್ಟಿದ್ದೇನೆ; ಉಂಡೇ ಮಲಗಿರಿ.

ಭಾನುವಾರ ಕಾರಿನಲ್ಲಿ ಮಹಾಲಿಂಗಪುರಕ್ಕೆ ಹೋಗೋಣ ಅಂದಿದ್ದೀರಿ. ಆಟೋಮ್ಯಾಟಿಕ್ ತಂದರೂ ಗೇರು ಹಾಕುವ ಚಟ ಬಿಟ್ಟಿಲ್ಲ ನೀವು. ಸ್ಟೇರಿಂಗ್ ಹಿಂದೆ ಗೇರು ಬದಲಿಸಲು ಇರುವ ಪ್ಯಾಡಲ್ ಎಳೆಯುತ್ತಲೇ ಇರುತ್ತೀರಿ. “ಮಗ್ಗದ ಹಗ್ಗ ಜಗ್ಗಿದ ಕೈ, ಸುಮ್ನ ಕೂಡಂದ್ರ ಕೂಡ್ತೈತೇನವ್ವಾ?” ಅಂತ ಅತ್ತಿ ನಗುತ್ತಾರೆ.

ಈ ಸಲ ಗೇರು ‘ಡಿ’ಯಲ್ಲೇ ಇರಲಿ, ಕಾರು ತಾನೇ ಬದಲಿಸಿಕೊಳ್ಳುತ್ತದೆ. ಮರೆತು ಎಳೆದರೆ ಬಲಗಡೆಯ ಪ್ಲಸ್ ಪ್ಯಾಡಲ್ ಸ್ವಲ್ಪ ಹೊತ್ತು ಎಳೆದು ಹಿಡಿಯಿರಿ, ಡಿ ಮರಳಿ ಬರುತ್ತದೆ. ಆಮೇಲೆ ಎಡಗೈಗೆ ಕೆಲಸವಿರುವುದಿಲ್ಲ. ಆ ಕೈ ಹಿಡಿದು ಪಕ್ಕದಲ್ಲಿ ಕೂಡಬೇಕೆಂದು ವಾರವೆಲ್ಲ ಅಂದುಕೊಳ್ಳುತ್ತೇನೆ. ಎದುರಿಗೆ ಹೇಳಲು ಬಾಯಿ ಬರುವುದಿಲ್ಲ.

ಓದಿ ಚೀಟಿ ಹರಿದುಹಾಕಿರಿ. ಯಾವಾಗಲೂ ಮುಂದೆ ಕೂಡುವ ಅತ್ತಿಯವರನ್ನು ಹಿಂದಿನ ಸೀಟಿಗೆ ಒಪ್ಪಿಸೂದು ಮಾತ್ರ ನಿಮ್ಮ ಕೆಲಸ.

ಪೂರ್ಣಿಮಾ