ಎಡಗೈ ಎತ್ತಿದವರು

ಖಾನಾಪುರ
ಮಂಗಳವಾರ, 3 ಡಿಸೆಂಬರ್ 2024

ಅವ್ವ,

ನಿನ್ನ ಮಗಳು ದಾನೇಶ್ವರಿಯ ಶರಣು. ಪತ್ರ ನೋಡಿ ಗಾಬರಿಯಾಗಬೇಡ. ನನಗೇನೂ ಆಗಿಲ್ಲ, ಪ್ರಮಿಳಾ ಅತ್ತೆಯ ಮನೆಯಲ್ಲಿ ಹೊತ್ತುಹೊತ್ತಿಗೆ ಉಂಡುಕೊಂಡು ಆರಾಮಾಗಿಯೇ ಇದ್ದೇನೆ. ಇದನ್ನು ನೀಲಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ನನ್ನ ಜೊತೆ ಬಿ.ಎಡ್. ಮಾಡುವ ಹುಡುಗಿ, ಅನಗೋಳದಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಾಳೆ, ನಮ್ಮ ಓಣಿಯವಳೇ. ಫೋನ್ ಇದ್ದೂ ಪತ್ರ ಯಾಕೆ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀನು ‘ಅಂಜಬ್ಯಾಡ, ಎಲ್ಲಾ ಚಲೋ ಆಕ್ಕೈತಿ’ ಎಂದು ಮಾತು ಮುಗಿಸಿಬಿಡುತ್ತೀಯ. ಈ ಸಲ ನೀನು ಪೂರ್ತಿ ಕೇಳಬೇಕು.

ನಿನ್ನೆ ಸಂಜೆ ಫೋನಿನಲ್ಲಿ ಪರೀಕ್ಷೆಯ ಪಾಠ ಚಲೋ ಆಯಿತು ಎಂದೆನಲ್ಲ, ಅದು ಸುಳ್ಳು. ಪರೀಕ್ಷಕರಾಗಿ ಬಂದಿದ್ದ ಗುರುಪುತ್ರಪ್ಪ ಸರ್ ನನ್ನ ಅಂಕದ ಹಾಳೆಯಲ್ಲಿ ಏನೂ ಬರೆಯದೆ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಉಳಿದ ಹುಡುಗ ಹುಡುಗಿಯರ ಪಾಠ ನೋಡಲು ಅವರು ಈ ಶಾಲೆಯಲ್ಲಿ ಶುಕ್ರವಾರದ ತನಕ ಇರುತ್ತಾರೆ. ಅಷ್ಟರೊಳಗೆ ಆ ಹಾಳೆ ತುಂಬದಿದ್ದರೆ ನಾನು ಈ ವರ್ಷ ಟೀಚರ್ ಆಗುವುದಿಲ್ಲ. ತುಂಬಬೇಕಾದರೆ ಎರಡು ಕೆಲಸ ಆಗಬೇಕು. ನಾನು ಶುಕ್ರವಾರ ಮತ್ತೊಂದು ಪಾಠ ಮಾಡಬೇಕು, ಮತ್ತು ಅವರು ಕೇಳಿದ ಒಂದು ಪ್ರಶ್ನೆಗೆ ನನ್ನ ದಿನಚರಿಯಲ್ಲಿ ಖರೇ ಉತ್ತರ ಬರೆಯಬೇಕು. ಆ ಉತ್ತರದಲ್ಲಿ ನೀನಿದ್ದೀಯ.

ದಿನಚರಿ ಎಂದರೆ ನಿನಗೆ ಗೊತ್ತಿರಲಿಕ್ಕಿಲ್ಲ, ನಿನ್ನ ಕಾಲದಲ್ಲಿ ಇರಲಿಲ್ಲ. ಪ್ರತಿ ಪಾಠ ಮುಗಿದ ಮೇಲೆ ನಾವು ಏನು ಕಲಿತೆವು, ಎಲ್ಲಿ ತಪ್ಪಿದೆವು ಎಂದು ಒಂದು ಪುಟ ಬರೆಯಬೇಕು. ನಾವೆಲ್ಲರೂ ಅದನ್ನು ಪಾಠದ ಹಿಂದಿನ ದಿನವೇ ಬರೆದಿಟ್ಟುಬಿಡುತ್ತೇವೆ. ಸೋಮವಾರದ ಪುಟವನ್ನು ನಾನು ಭಾನುವಾರ ಮಧ್ಯಾಹ್ನ ಅತ್ತೆಯ ಅಂಗಳದಲ್ಲಿ ಕುಳಿತು ಬರೆದಿದ್ದೆ. ‘ಎಲ್ಲ ಮಕ್ಕಳೂ ಉತ್ಸಾಹದಿಂದ ಕೈ ಎತ್ತಿದರು. ಎಲ್ಲರಿಗೂ ಪಾಠ ಅರ್ಥವಾಯಿತು. ನನ್ನ ಆತ್ಮವಿಶ್ವಾಸ ಹೆಚ್ಚಿತು.’ ಮೂವತ್ತೆಂಟು ಪುಟಗಳಲ್ಲಿ ನನ್ನ ಆತ್ಮವಿಶ್ವಾಸ ಮೂವತ್ತೆಂಟು ಸಲ ಹೆಚ್ಚಿದೆ ಅವ್ವ. ಲೆಕ್ಕದ ಪ್ರಕಾರ ಅದು ಇಷ್ಟೊತ್ತಿಗೆ ಮಾಳಿಗೆ ದಾಟಿರಬೇಕಿತ್ತು. ಬಾಗಿಲಲ್ಲಿ ಯಾರಾದರೂ ಸರ್ ಕಂಡರೆ ಮಾತ್ರ ನನ್ನ ಕೈಯಿಂದ ಸೀಮೆಸುಣ್ಣ ಜಾರುತ್ತಿತ್ತು.

ಅಕ್ಟೋಬರದಲ್ಲಿ ಈ ಶಾಲೆಯ ಪಾಠ ತರಬೇತಿಯ ಮೊದಲ ವಾರ ಮುಗಿಸಿ ಮನೆಗೆ ಬಂದಾಗ ನಾನು ಅತ್ತದ್ದು ನೆನಪಿದೆಯೇ? ಪ್ರಶ್ನೆ ಕೇಳಿದರೆ ಇಡೀ ಏಳನೆಯ ತರಗತಿ ಕೈ ಕಟ್ಟಿ ಕೂರುತ್ತದೆ, ನಾಲ್ಕು ಮಂದಿ ಬಿಟ್ಟರೆ ಯಾರೂ ಕೈ ಎತ್ತುವುದಿಲ್ಲ ಎಂದೆ. ನೀನು ಚಹಾ ಸೋಸುತ್ತ ನಕ್ಕೆ. ‘ಇಷ್ಟಕ್ಕ ಅಳತಿ ಏನ? ಗೊತ್ತಿದ್ದಾವ್ರು ಬಲಗೈ ಎತ್ರಿ, ಗೊತ್ತಿಲ್ಲದಾವ್ರು ಎಡಗೈ ಎತ್ರಿ ಅನ್ನು. ಕೈ ಮಾತ್ರ ಎಲ್ಲಾರೂ ಎತ್ತಬೇಕು. ನೀ ಬಲಗೈಯವ್ರನ್ನಷ್ಟ ಕೇಳು’ ಎಂದೆ. ತಪಾಸಣೆಗೆ ಬಂದು ಬಾಗಿಲಲ್ಲಿ ನಿಂತ ಸಾಹೇಬರಿಗೆ ಕೈ ಮಾತ್ರ ಕಾಣುತ್ತದೆ, ಯಾವ ಕೈ ಎಂದು ಯಾರು ನೋಡುತ್ತಾರೆ ಎಂದೂ ನೀನೇ ಹೇಳಿದೆ. ಮೂವತ್ತು ವರ್ಷ ನಿನ್ನ ತರಗತಿಯಲ್ಲಿ ಒಂದು ಕೈಯೂ ಕೆಳಗೆ ಇದ್ದದ್ದಿಲ್ಲ ಎಂದು ಬಂದವರೆಲ್ಲ ಹೊಗಳಿ ಬರೆದು ಹೋಗಿದ್ದಾರೆ.

ಸೋಮವಾರ ಶಾಲೆಗೆ ಹೋದೊಡನೆ ಮಾಡಿ ನೋಡಿದೆ. ನಲವತ್ತೊಂದು ಮಕ್ಕಳು, ನಲವತ್ತೊಂದು ಕೈ. ಆ ದಿನ ಸಂಜೆಯ ತನಕ ನಿಂತೇ ಪಾಠ ಮಾಡಿದರೂ ನನಗೆ ಕಾಲು ನೋಯಲಿಲ್ಲ.

ನಿನ್ನೆಯ ಪಾಠ ಭಿನ್ನರಾಶಿಯ ಭಾಗಾಕಾರ. ಅದೇ ಪಾಠವನ್ನು, ಅದೇ ಲೆಕ್ಕಗಳನ್ನು ಶನಿವಾರವೇ ಒಮ್ಮೆ ಮಾಡಿಸಿದ್ದೆ. ಹೌದು, ಅದೂ ನಡೆಯುತ್ತದೆ, ಎಲ್ಲರೂ ಮಾಡುತ್ತಾರೆ. ಗುರುಪುತ್ರಪ್ಪ ಸರ್ ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಕುಳಿತರು. ಹಲಗೆಯ ಮೇಲೆ ಮೂರು ಭಾಗಿಸು ಕಾಲು ಎಂದು ಬರೆದು, ಈಗ ಏನು ಮಾಡಬೇಕು ಎಂದು ಕೇಳಿದೆ. ಎಲ್ಲ ಕೈಗಳೂ ಮೇಲೆ. ರೋಹನನ ಬಲಗೈ ನೋಡಿ ಅವನನ್ನು ಕೇಳಿದೆ. ಎರಡನೆಯದನ್ನು ತಿರುವಿ ಗುಣಿಸಬೇಕು ಎಂದ, ಉತ್ತರ ಹನ್ನೆರಡು ಎಂದ. ಇಪ್ಪತ್ತು ನಿಮಿಷ ಎಲ್ಲವೂ ನೀರು ಹರಿದ ಹಾಗೆ ನಡೆಯಿತು. ಸರ್ ತಲೆದೂಗಿದ್ದನ್ನು ಎರಡು ಸಲ ನೋಡಿದೆ.

ಆಮೇಲೆ ಅವರು ಎದ್ದು ನಿಂತರು. ಮಕ್ಕಳ ಕಡೆ ತಿರುಗಿ, ‘ಈ ಲೆಕ್ಕ ಯಾರಿಗೆ ತಿಳಿದಿಲ್ಲ, ಕೈ ಎತ್ರಿ ನೋಡೂಣು’ ಎಂದರು.

ನಲವತ್ತೊಂದು ಕೈ ಮೇಲೆ ಹೋದವು ಅವ್ವ. ರೋಹನನದೂ ಹೋಯಿತು. ಪ್ರಶ್ನೆ ಬಂದರೆ ಕೈ ಮೇಲೆ ಹೋಗಬೇಕು ಎಂದು ಎರಡು ತಿಂಗಳು ನಾನೇ ತಿದ್ದಿದ್ದೆ. ಪ್ರಶ್ನೆ ಏನೆಂದು ಕೇಳಿಸಿಕೊಳ್ಳಬೇಕು ಎಂದು ಯಾರಿಗೂ ಹೇಳಿರಲಿಲ್ಲ. ಸರ್ ಮೊದಲು ನನ್ನನ್ನು ನೋಡಿದರು, ಆಮೇಲೆ ಕೈಗಳನ್ನು ನೋಡುತ್ತ ಹೋದರು, ಒಂದೊಂದೇ ಸಾಲು. ಯಾವ ಕೈಗೆ ಯಾವ ಅರ್ಥ ಎಂದು ಅವರಿಗೆ ತಿಳಿಯಿತು ಎಂಬುದು ನನಗೆ ತಿಳಿಯಿತು. ಅವರು ಸಿಟ್ಟಾಗಲಿಲ್ಲ, ದನಿ ಏರಿಸಲಿಲ್ಲ. ‘ಬಲಗೈಯವ್ರು ಇಳಸ್ರಿ’ ಎಂದರು.

ಹನ್ನೊಂದು ಎಡಗೈ ಉಳಿದವು. ಎರಡು ತಿಂಗಳಲ್ಲಿ ನಾನು ಅವುಗಳನ್ನು ಒಮ್ಮೆಯೂ ಎಣಿಸಿರಲಿಲ್ಲ. ನೋಡಬಾರದು ಎಂದೇ ಅಲ್ಲವೇ ಆ ಕೈ ಎತ್ತಿಸಿದ್ದು.

ಕಿಟಕಿಯ ಪಕ್ಕದ ಮಾಯಕ್ಕನನ್ನು ಸರ್ ಎಬ್ಬಿಸಿದರು. ಹೊಳೆಯ ಕಡೆಯ ಓಣಿಯಿಂದ ಬರುವ ಹುಡುಗಿ. ಅವಳ ತಾಯಿ ರೇಣವ್ವ ಎರಡು ಎಮ್ಮೆ ಕಟ್ಟಿದ್ದಾಳೆ. ಬೆಳಿಗ್ಗೆ ಮನೆಮನೆಗೆ ಹಾಲು ಹಾಕಿ ಬರುವುದರಲ್ಲಿ ಮಾಯಕ್ಕನಿಗೆ ತಡವಾಗುತ್ತದೆ, ನಾನು ದಿನಾ ಬೈಯುತ್ತೇನೆ. ಏನು ತಿಳಿಯಲಿಲ್ಲವ್ವಾ ಎಂದು ಸರ್ ಕೇಳಿದರು. ಅವಳು ನನ್ನ ಮುಖ ನೋಡಿದಳು. ಹೇಳಲೋ ಬೇಡವೋ ಎಂದು ನನ್ನನ್ನು ಕೇಳುವಂತಿತ್ತು, ನಾನು ಕಣ್ಣು ತಪ್ಪಿಸಿದೆ. ಕಡೆಗೆ ಅವಳೇ ಧೈರ್ಯ ಮಾಡಿ, ‘ಎರಡನೇದನ್ನ ಯಾಕ ತಿರುವಬೇಕ್ರಿ ಸರ್?’ ಎಂದಳು.

ಸರ್ ನನ್ನ ಕಡೆ ಕೈ ತೋರಿಸಿದರು. ‘ಚಲೋ ಪ್ರಶ್ನಿ ಐತಿ. ಹೇಳ್ರಿ ಟೀಚರ್.’

ನನಗೆ ಗೊತ್ತಿರಲಿಲ್ಲ ಅವ್ವ. ಎಂದೂ ಗೊತ್ತಿರಲಿಲ್ಲ. ಆರನೆಯ ತರಗತಿಯಲ್ಲಿ ನಿನ್ನ ಎದುರಿಗೇ, ಮೂರನೆಯ ಬೆಂಚಿನಲ್ಲಿ ಕುಳಿತು ಇದೇ ಲೆಕ್ಕ ಕಲಿತೆ. ನೀನು ಕೈ ಎತ್ತಲು ಹೇಳಿದಾಗಲೆಲ್ಲ ನಾನು ಬಲಗೈ ಎತ್ತುತ್ತಿದ್ದೆ. ಶಾಲೆಯವರೆಲ್ಲ ಕಾಂತಾ ಅಕ್ಕೋರು ಎನ್ನುವ ನಿನ್ನ ಮಗಳೇ ಎಡಗೈ ಎತ್ತಿದರೆ ನಿನ್ನ ಮರ್ಯಾದೆ ಏನಾಗಬೇಕು? ಸ್ವಂತ ಮಗಳನ್ನೇ ಕೇಳುತ್ತಾಳೆ ಎಂದು ಜನ ಅಂದಾರೆಂದು ನೀನು ನನ್ನನ್ನು ಕೇಳುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಮೂರು ವರ್ಷ ಆ ಬಲಗೈಯಿಂದಲೇ ದಾಟಿದೆ. ಆಮೇಲೆ ಬಿ.ಎಸ್ಸಿ. ತನಕ ತಿರುವು, ಗುಣಿಸು, ಮುಂದೆ ಹೋಗು. ನಿನ್ನೆ ಆ ಹಲಗೆಯ ಮುಂದೆ ನಿಂತಾಗ ನನಗೆ ನಿನ್ನ ಮೇಲೆ ಸಿಟ್ಟು ಬಂತು. ಇಷ್ಟು ಸಿಟ್ಟು ನಿನ್ನ ಮೇಲೆ ಎಂದೂ ಬಂದಿರಲಿಲ್ಲ.

ಬಲಗೈಯಲ್ಲಿ ಸೀಮೆಸುಣ್ಣವಿತ್ತು. ನಾನು ಎಡಗೈ ಎತ್ತಿದೆ.

ಮಕ್ಕಳು ನಗುತ್ತಾರೆ ಅಂದುಕೊಂಡಿದ್ದೆ. ಯಾರೂ ನಗಲಿಲ್ಲ. ನನಗೂ ತಿಳಿದಿಲ್ಲ ಮಾಯಕ್ಕ ಎಂದು ಹೇಳಿದೆ. ಸರ್ ಗಡಿಯಾರ ನೋಡಿ, ಇನ್ನೂ ಹದಿನೈದು ನಿಮಿಷ ಉಳಿದಿದೆ ಎಂದು ಹೇಳಿ ಮತ್ತೆ ಹಿಂದಿನ ಬೆಂಚಿಗೆ ಹೋಗಿ ಕುಳಿತರು. ನನ್ನನ್ನು ಪಾರು ಮಾಡುವ ಮನಸ್ಸು ಅವರಿಗಿರಲಿಲ್ಲ.

ಏನು ಕೇಳಬೇಕು ಎಂದು ತೋಚದೆ, ಇವತ್ತು ಬೆಳಿಗ್ಗೆ ಯಾಕೆ ತಡ ಎಂದು ಮಾಯಕ್ಕನನ್ನು ಕೇಳಿಬಿಟ್ಟೆ. ಇಷ್ಟು ದಡ್ಡ ಪ್ರಶ್ನೆಯನ್ನು ಯಾವ ಪರೀಕ್ಷೆಯ ಪಾಠದಲ್ಲೂ ಯಾರೂ ಕೇಳಿರಲಿಕ್ಕಿಲ್ಲ. ಅವಳು ಪಾಪ ಉತ್ತರ ಕೊಟ್ಟಳು. ‘ಹಾಲು ಹಾಕಾಕ ಹೋಗಿದ್ನಿರಿ ಟೀಚರ್. ಮೂರು ಲೀಟರ್ ಇತ್ತು, ಪಾವ ಪಾವ ಲೀಟರ್ ಹಾಕ್ಕೋತ ಹನ್ನೆರಡು ಮನಿ ತಿರಗಬೇಕಾತು.’

ಪಾವ ಲೀಟರ್, ಅಂದರೆ ಕಾಲು ಲೀಟರ್. ಮೂರರಲ್ಲಿ ಎಷ್ಟು ಕಾಲು. ನನ್ನ ಬೆನ್ನ ಹಿಂದೆ ಹಲಗೆಯ ಮೇಲೆ ಅದೇ ಲೆಕ್ಕವಿತ್ತು. ಹನ್ನೆರಡು ಮನೆ ಎಂದು ನಿನಗೆ ಹೇಗೆ ಗೊತ್ತಾಯಿತು, ಎಣಿಸಿದೆಯಾ ಎಂದು ಕೇಳಿದೆ. ಎಣಿಸುವುದು ಯಾಕೆ ಎನ್ನುವಂತೆ ಅವಳು ನನ್ನನ್ನು ನೋಡಿದಳು. ‘ಒಂದು ಲೀಟರಿಗೆ ನಾಕ ಮನಿ ಆಕ್ಕಾವಲ್ರಿ. ಮೂರು ಲೀಟರಿಗೆ ಮೂರ್ ನಾಕ್ಲೆ ಹನ್ನೆರಡು.’

ಅಷ್ಟೇ ಅವ್ವ. ಕಾಲನ್ನು ತಿರುವಿದರೆ ನಾಲ್ಕು, ಆ ನಾಲ್ಕು ಎಂದರೆ ಒಂದು ಲೀಟರಿಗೆ ಎಷ್ಟು ಮನೆ ಎಂಬುದು. ಹನ್ನೆರಡು ವರ್ಷ ತಿರುವಿದ್ದು ಏನೆಂದು ನನಗೆ ಮಾಯಕ್ಕನ ಬಾಯಿಂದ ತಿಳಿಯಿತು. ಅವಳಿಂದಲೇ ಹಲಗೆಯ ಮೇಲೆ ಬರೆಸಿದೆ. ಅರ್ಧ ಲೀಟರ್ ಹಾಕಿದರೆ ಎಷ್ಟು ಮನೆ ಎಂದು ಉಳಿದ ಹತ್ತು ಎಡಗೈಗಳನ್ನು ಕೇಳಿದೆ, ಹತ್ತರಲ್ಲಿ ಏಳು ಮಂದಿ ಹೇಳಿದರು. ನನಗೆ ಎಷ್ಟು ಸಂತೋಷವಾಯಿತು ಎಂದರೆ ಸರ್ ಇದ್ದದ್ದೇ ಮರೆತಿತ್ತು. ಅಷ್ಟರಲ್ಲಿ ರೋಹನ ಎದ್ದು, ಮುಕ್ಕಾಲು ಲೀಟರ್ ಹಾಕಿದರೆ ಎಂದು ಕೇಳಿದ. ಗಂಟೆ ಹೊಡೆಯಿತು.

ಹೊರಗೆ ಜಗಲಿಯ ಮೇಲೆ ಸರ್ ನನ್ನ ದಿನಚರಿ ಕೇಳಿದರು. ತೆರೆದರೆ ಸೋಮವಾರದ ಪುಟ ಆಗಲೇ ತುಂಬಿತ್ತು. ‘ಎಲ್ಲರಿಗೂ ಪಾಠ ಅರ್ಥವಾಯಿತು’ ಎಂಬುದನ್ನು ನಿಧಾನವಾಗಿ ಓದಿ, ಇದನ್ನು ಯಾವಾಗ ಬರೆದಿರಿ ಎಂದರು. ಈ ಎಡಗೈ ಬಲಗೈ ಯಾರು ಕಲಿಸಿದರು ಎಂದರು. ಸೀನಿಯರ್ ಒಬ್ಬರು ಎಂದೆ. ನಂಬಲಿಲ್ಲ. ‘ಶುಕ್ರವಾರ ಆ ಮುಕ್ಕಾಲು ಲೀಟರಿನ ಪಾಠ ಮಾಡ್ರಿ. ದಿನಚರ್ಯಾಗ ಖರೇ ಬರೀರಿ, ಓದಿ ಅಂಕ ಹಾಕತೇನಿ’ ಎಂದು ಹೇಳಿ ಹಾಳೆ ಮಡಚಿದರು.

ಬರುವ ಮೇ ತಿಂಗಳು ನೀನು ನಿವೃತ್ತಳಾಗುತ್ತೀಯ. ನಿನ್ನ ಬೀಳ್ಕೊಡುಗೆಯಲ್ಲಿ ಎಲ್ಲರೂ ಹೇಳುವುದು ಆ ಕೈಗಳ ಮಾತನ್ನೇ ಎಂದು ನನಗೆ ಗೊತ್ತು. ನೀನು ಅದನ್ನು ಮೋಸಕ್ಕೆಂದು ಶುರು ಮಾಡಿದವಳಲ್ಲ ಎಂದೂ ಗೊತ್ತು. ಎಪ್ಪತ್ತು ಮಕ್ಕಳ ತರಗತಿಯಲ್ಲಿ ಗೊತ್ತಿಲ್ಲದ ಮಕ್ಕಳು ತಲೆ ತಗ್ಗಿಸಿ ಕೂರಬಾರದು, ನಾಲ್ಕು ಮಂದಿಯ ಎದುರಿಗೆ ಅವಮಾನ ಆಗಬಾರದು ಎಂದು ಮಾಡಿದ್ದೆ ಎಂದು ನೀನೇ ಒಮ್ಮೆ ಹೇಳಿದ್ದೆ. ಎಡಗೈ ನೋಡಿ ಆಮೇಲೆ ಆ ಮಕ್ಕಳನ್ನು ಹತ್ತಿರ ಕರೆದು ಹೇಳಿಕೊಡಬೇಕು ಎಂದೇ ಇದ್ದೆಯಂತೆ. ಆ ‘ಆಮೇಲೆ’ ಯಾವಾಗ ನಿಂತುಹೋಯಿತೋ ನಿನಗೂ ನೆನಪಿರಲಿಕ್ಕಿಲ್ಲ. ನನ್ನ ತರಗತಿಯಲ್ಲಿ ಅದು ಶುರುವೇ ಆಗಲಿಲ್ಲ, ನಿನಗಿಂತ ನಾನು ಕೆಟ್ಟವಳು.

ಇವತ್ತು ತರಗತಿಗೆ ಹೋಗಿ ಎಡಗೈಯವರನ್ನಷ್ಟೇ ಕೇಳುತ್ತೇನೆ ಎಂದೆ. ಮೊದಲು ಹೆದರಿ ಮೂರು ಕೈ ಮಾತ್ರ ಎದ್ದವು. ಪಾಠ ಮುಗಿಯುವಷ್ಟರಲ್ಲಿ ಹದಿನಾರು ಆಗಿದ್ದವು, ಅದರಲ್ಲಿ ರೋಹನನದೂ ಒಂದು. ಸೀಮೆಸುಣ್ಣ ಒಮ್ಮೆಯೂ ಕೈಯಿಂದ ಜಾರಲಿಲ್ಲ.

ಈಗ ನೀನು ಹೇಳು. ಖರೇ ಉತ್ತರಕ್ಕೆಂದು ದಿನಚರಿಯಲ್ಲಿ ಒಂದು ಹೊಸ ಪುಟವನ್ನು ಖಾಲಿ ಬಿಟ್ಟಿದ್ದೇನೆ. ನಿನ್ನ ಹೆಸರು ಬೇಡ ಎಂದರೆ ಸೀನಿಯರ್ ಎಂದೇ ಬರೆಯುತ್ತೇನೆ, ಅಂಕ ಬಂದಷ್ಟು ಬರಲಿ. ನಾಳೆ ಬೆಳಿಗ್ಗೆ ನೀಲಾಳ ಕೈಯಲ್ಲಿ ಎರಡು ಸಾಲು ಬರೆದು ಕಳಿಸು. ಬೈಯುವುದಿದ್ದರೆ ಅದನ್ನೂ ಬರೆ, ಫೋನಿನಲ್ಲಿ ಸಮಾಧಾನ ಮಾಡಬೇಡ.

ನಿನ್ನ ಮೂರನೆಯ ಬೆಂಚಿನ ಮಗಳು,
ದಾನೇಶ್ವರಿ

ತಾ.ಕ.: ಪುಟ ಖಾಲಿ ಇದೆ ಎಂದದ್ದೂ ಸುಳ್ಳು ಅವ್ವ. ಇವತ್ತು ಮಧ್ಯಾಹ್ನವೇ ಬರೆದು ಸರ್ ಕೈಗೆ ಕೊಟ್ಟು ಬಂದೆ. ನಿನ್ನ ಹೆಸರಿದೆ, ಅದಕ್ಕಿಂತ ಮೇಲಿನ ಸಾಲಿನಲ್ಲಿ ನನ್ನ ಬಲಗೈಯ ಕಥೆಯೂ ಇದೆ. ಓದಿ ಅವರು ಒಂದೇ ಮಾತು ಕೇಳಿದರು, ಇದು ನಿಮ್ಮ ತಾಯಿಗೆ ಗೊತ್ತಿದೆಯೇ ಎಂದು. ಇವತ್ತು ತಿಳಿಸುತ್ತೇನೆ ಎಂದೆ. ಇನ್ನು ಆ ಮುಕ್ಕಾಲು ಲೀಟರ್. ಮೂರು ಲೀಟರಿಗೆ ನಾಲ್ಕು ಮನೆ ಎನ್ನುವ ತನಕ ಬಂದಿದ್ದೇನೆ, ಮುಕ್ಕಾಲನ್ನು ತಿರುವಿ ಗುಣಿಸಿದರೆ ಅದೇ ಯಾಕೆ ಬರುತ್ತದೆ ಎಂದು ಮಕ್ಕಳಿಗೆ ಹೇಳಲು ಇನ್ನೂ ಬರುತ್ತಿಲ್ಲ. ನಿನಗೆ ಗೊತ್ತಿದ್ದರೆ ಫೋನ್ ಮಾಡು. ಗೊತ್ತಿಲ್ಲದಿದ್ದರೆ ಗುರುವಾರ ಸಂಜೆಯ ಬಸ್ಸಿಗೆ ಬಂದುಬಿಡು, ಮಾಯಕ್ಕನ ಹಾಲು ಅಳೆಯುವ ಪಾತ್ರೆ ಕೇಳಿ ತಂದಿಟ್ಟಿರುತ್ತೇನೆ.