ಹುಳುವಿನ ಮೇಜಿನ ಜಗಳ

ಶಿಡ್ಲಘಟ್ಟ
೧೪ ಜುಲೈ ೨೦೨೫, ಸೋಮವಾರ

ಪ್ರೀತಿಯ ಹರಿತಮ್ಮಾ,

ಈ ಜಿಲ್ಲೆಯ ರೇಷ್ಮೆಹುಳುಗಳಿಗೆಲ್ಲ ಸೊಪ್ಪು ತಿನ್ನುವುದನ್ನು ಕಲಿಸಿದ ನಿನ್ನ ಸೋದರಮಾವ ಬರೆಯುತ್ತಿರುವ ಕಾಗದ ಇದು, ಕೂತು ಓದು. ಮೈಸೂರಿನ ತರಬೇತಿಯಲ್ಲಿ ಹೊಟ್ಟೆಗೆ ಸರಿಯಾಗಿ ಹಾಕುತ್ತಾರೋ ಇಲ್ಲವೋ? ಕೆಮ್ಮು ಹೋಯಿತೇ? ನಿನ್ನಮ್ಮ ಚೆನ್ನಾಗಿದ್ದಾಳೆ, ನನ್ನನ್ನು ಬೈಯುವಷ್ಟು ಚೆನ್ನಾಗಿದ್ದಾಳೆ. ಫೋನಿನಲ್ಲಾದರೆ ನೀನು ಅರ್ಧಕ್ಕೇ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ.

ಚಿಕ್ಕಬಳ್ಳಾಪುರದ ನಿನ್ನ ವಿಜ್ಞಾನ ಮ್ಯೂಸಿಯಮ್ಮಿಗೆ ನನ್ನನ್ನು ರೇಷ್ಮೆಹುಳುವಿನ ಮೇಜಿನ ಸ್ವಯಂಸೇವಕ ಅಂತ ಸೇರಿಸಿ, ಕೊರಳಿಗೊಂದು ಗುರುತಿನ ಚೀಟಿಯ ದಾರ ಹಾಕಿ, ನೀನು ಬಸ್ಸು ಹತ್ತಿದೆ. ನಿನ್ನ ಕುರ್ಚಿಯಲ್ಲಿ ಕೂರಿಸಿ ಹೋದೆಯಲ್ಲ ಆ ಶಿರೀಷಾ, ಅವಳ ಜೊತೆ ಒಂದು ದಿನ ಏಗಿ ನೋಡು. “ಅಂಕಲ್, ಇಲ್ಲಿ ಮಕ್ಕಳು ಬರೋದೇ ಮುಟ್ಟೋಕೆ. ಕನ್ನಡೀನೂ ಮುಟ್ತಾರೆ, ಹುಳಾನೂ ಮುಟ್ತಾರೆ” ಅನ್ನುತ್ತಾಳೆ. ಅಂಕಲ್ ಅಂತೆ! ಕನ್ನಡಿ ಸಾಯುವುದಿಲ್ಲ, ಹುಳು ಸಾಯುತ್ತೆ ಕಣಮ್ಮ. ನಮ್ಮ ಹುಳುಮನೆಗೆ ಕಾಲು ತೊಳೆಯದೆ ನಿನ್ನ ಅಜ್ಜನೂ ನುಗ್ಗುತ್ತಿರಲಿಲ್ಲ. ಬೀಗರು ಬಂದರೂ ಬಾಗಿಲಲ್ಲೇ ನಿಲ್ಲಿಸುತ್ತಿದ್ದೆವು. ಹಾಗೇ ನಾನೂ ಶುಕ್ರವಾರ ಬಾಗಿಲಿಗೆ ಬ್ಲೀಚಿಂಗ್ ಪುಡಿ ಚೆಲ್ಲಿ, ಗೌರಿಬಿದನೂರಿನ ಶಾಲೆಯ ಮಕ್ಕಳ ಕೈಕಾಲು ತೊಳೆಸಿ, ಮುಟ್ಟಿದರೆ ಬೆರಳು ಮುರೀತೀನಿ ಅಂದೆ. ಒಂದು ಹುಡುಗಿ ಅತ್ತಳು. ಅತ್ತರೇನಾಯಿತು? ಶಿರೀಷಾ ಎಲ್ಲರೆದುರು ನನ್ನನ್ನು ಪಕ್ಕಕ್ಕೆ ಸರಿಸಿ, ಆ ಹುಡುಗಿಯ ಅಂಗೈ ಮೇಲೆ ಹುಳು ಬಿಟ್ಟಳು. “ಮಿಸ್, ಹುಳ ಮುತ್ತು ಕೊಡ್ತಾ ಇದೆ” ಅಂದಿತು ಮಗು. ಮಿಸ್ಸಿಗೆ ಆನಂದವೋ ಆನಂದ.

ಇನ್ನು ಅವಳು ತರಿಸುವ ಸೊಪ್ಪೋ, ನನ್ನ ಹಸುವೂ ಮೂಸುವುದಿಲ್ಲ. ಸೊಪ್ಪು ಅಂದರೆ ಏನು ಅಂತ ತೋರಿಸಲು ಶನಿವಾರ ನಂದಿಯ ಹತ್ತಿರ ಒಂದು ದ್ರಾಕ್ಷಿ ತೋಟದ ಬದುವಿನಿಂದ ಅಂಗೈಯಗಲದ ಹಿಪ್ಪುನೇರಳೆ ಎಲೆ ಕುಯ್ದು ತಂದು ನಾನೇ ಹಾಕಿದೆ. ಭಾನುವಾರ ಬಂದು ನೋಡಿದರೆ ಒಂದೆರಡು ಹುಳು ಸತ್ತಿದ್ದವು. ಮುಟ್ಟಿಸಿ ಮುಟ್ಟಿಸಿ ಕೊಂದೆಯಲ್ಲಮ್ಮ ಅಂತ ಬಂದವರೆಲ್ಲರ ಮುಂದೆ ಅವಳನ್ನು ಝಾಡಿಸಿದೆ. ಅಷ್ಟು ಮಾತಾಡುವವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳನ್ನು ಆ ಕುರ್ಚಿಯಿಂದ ಎಬ್ಬಿಸು. ಅವಳಿರುವ ಕಡೆ ನಾನು ಕಾಲಿಡುವುದಿಲ್ಲ.

ದೇವರು ನಿನಗೆ ಆರೋಗ್ಯ ಕೊಡಲಿ, ಆಳುಗಳನ್ನು ಆರಿಸುವ ಬುದ್ಧಿಯನ್ನೂ ಕೊಡಲಿ. ನಿನ್ನ ಅತ್ತೆ ಗಂಗುಲಮ್ಮನ ಆಶೀರ್ವಾದವೂ ಇದೆ. ಅವಳು ಶಿರೀಷಾಳ ಪಕ್ಷ, ಲೆಕ್ಕಕ್ಕೆ ಇಡಬೇಡ.

ಇತಿ ನಿನ್ನ ಮಾವ,
ಕೋನಪ್ಪ

ತಾ.ಕ.: ಅಂಚೆಗೆ ಹಾಕಲು ಹೊರಟವನು ಬಸ್‌ಸ್ಟ್ಯಾಂಡಿನಲ್ಲಿ ಕೂತು ಇದನ್ನು ಸೇರಿಸುತ್ತಿದ್ದೇನೆ. ಹುಳುಗಳು ತಲೆ ಆಡಿಸಿ ಹಸಿರು ಕಕ್ಕಿ ಸತ್ತಿವೆ. ಅದು ಮಕ್ಕಳ ಕೈಯಿಂದ ಬರುವ ಸಾವಲ್ಲ. ದ್ರಾಕ್ಷಿಗೆ ಔಷಧಿ ಹೊಡೆದಿದ್ದರು, ಸೊಪ್ಪು ಕುಯ್ಯುವ ಮುಂಚೆ ನಾನು ವಿಚಾರಿಸಲಿಲ್ಲ. ಶಿರೀಷಾ ತಾನೇ ಕೊಂದೆ ಅಂದುಕೊಂಡು, ನಿನಗೆ ಹೇಳಲೂ ಹೆದರಿ, ನಿನ್ನೆ ನಾನು ಹೊರಡುವಾಗಲೇ ಮೇಜಿಗೆ ‘ಮುಟ್ಟಬೇಡಿ’ ಅಂತ ಬೋರ್ಡು ತಗಲಿಸಿದ್ದಾಳೆ. ನೀನೇ ಫೋನು ಮಾಡಿ ತೆಗೆಸು. ಅವಳೆದುರು ಇದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ಸತ್ತದ್ದು ಒಂದೆರಡಲ್ಲ ಕಣಮ್ಮ. ಮುನ್ನೂರು. ತಟ್ಟೆಯಲ್ಲಿ ಇದ್ದದ್ದೇ ಅಷ್ಟು.