ಅಪ್ಪನ ಒಲೆ

೬ ಫೆಬ್ರವರಿ ೧೯೫೪
ದಾದರಿನಿಂದ ಲೋಕಲ್ ಹಿಡಿದು ಗ್ರಾಂಟ್ ರೋಡ್. ಅಪ್ಪನ ಹೋಟೆಲಿನ ಅಡುಗೆಮನೆಯಲ್ಲಿ ಎಂದಿನ ಮೂಲೆ, ಮಡಿಲಲ್ಲಿ ಡ್ರಾಯಿಂಗ್ ಬೋರ್ಡ್. ನಮ್ಮೂರಿನಿಂದ ಬೊಂಬಾಯಿಗೆ ಮೊದಲು ಬಂದವರು ಅಪ್ಪ. ಅವರ ಮೇಲಿನ ಪುಸ್ತಕಕ್ಕೆ ಬರಹವೂ ನನ್ನದೇ, ಚಿತ್ರಗಳೂ ನನ್ನವೇ. ಉಳಿದದ್ದು ಕವರ್ ಒಂದೇ — ಅವರು ಬಂದ ವರ್ಷ ಹೊತ್ತಿಸಿದ ಒಲೆ. ಇಂದಿಗೂ ಆರಿಲ್ಲ. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚುತ್ತಾರೆ, ಬೆಳಿಗ್ಗೆ ಊದುತ್ತಾರೆ.
ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪನದು ಒಂದೇ ಮಾತು: "ನನ್ನ ಚಿತೆಗೆ ಬೇರೆ ಬೆಂಕಿ ಬೇಡ. ಆ ಒಲೆಯದ್ದೇ ತರಬೇಕು, ರಾಜೀವಿ."

೯ ಫೆಬ್ರವರಿ
ಚಿತ್ರಕ್ಕಾಗಿ ಒಲೆಯ ಒಳಗಿನ ಕಪ್ಪು ನೋಡಬೇಕಿತ್ತು ನನಗೆ. ಅಡುಗೆಯ ಕೊರಗಪ್ಪ ಕೆಂಡವನ್ನೆಲ್ಲ ಬಾಣಲೆಗೆ ತೆಗೆದು ಬೂದಿ ಮುಚ್ಚಿದ. "ಮಾರ್ಕೆಟಿಗೆ ಹೋಗಿ ಬರ್ತೇನೆ. ಬೂದಿ ಮುಟ್ಬೇಡಿ ಅಕ್ಕ."
ಮುಟ್ಟಿದೆ. ಆ ಒಲೆಯ ಇದ್ದಿಲಿನಿಂದಲೇ ಆ ಒಲೆಯನ್ನು ಬರೆಯಬೇಕು ಅನ್ನಿಸಿತು. ಕೆಲವು ಕೆಂಡ ಹೆಕ್ಕಿ ನೀರಿಗೆ ಹಾಕಿದೆ. ಉಳಿದದ್ದನ್ನು ಮತ್ತೆ ಮುಚ್ಚಲಿಲ್ಲ... ಚಿತ್ರ ಮುಗಿಸಿ ತಲೆ ಎತ್ತಿದಾಗ ಬಾಣಲೆ ತಣ್ಣಗಿತ್ತು.
ಕೊರಗಪ್ಪ ಬಂದು ಬೂದಿಯೊಳಗೆ ಕೈಯಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಬೆಂಕಿಕಡ್ಡಿ ಗೀರಿದ.
"ಧಣಿಗಳಿಗೆ ಹೇಳ್ಬೇಡಿ. ಈಗ್ಲೇ ಹೋಗಿಬಿಡ್ತಾರೆ."
ಚಿತ್ರ ಚೆನ್ನಾಗಿ ಬಂದಿದೆ. ಇಷ್ಟು ಒಳ್ಳೆಯದನ್ನು ಹಿಂದೆಂದೂ ಬರೆದಿಲ್ಲ. ಹೆದರಿಕೆ ಅದಕ್ಕೇ ಇರಬಹುದೇ?

೧೦ ಫೆಬ್ರವರಿ
ಅಪ್ಪ: "ಒಲೆ ಹೇಗುಂಟು?"
"ಉರೀತಾ ಉಂಟು."
ಸುಳ್ಳಲ್ಲ. ಕಾನ್ವೆಂಟಿನಲ್ಲಿ ಕಲಿತ ಜಾಣತನ.

೨ ಮಾರ್ಚ್
ಡಾಕ್ಟರು ನೋಡಿ ಹೋದರು. ಊರಿಗೆ ಟೆಲಿಗ್ರಾಂ ಕೊಡಿ ಎಂದರು.
ಹೋಟೆಲಿನಿಂದ ಬಂದ ಸಾರು ಒಂದು ಚಮಚ ಕುಡಿದು ಅಪ್ಪ ನಕ್ಕರು. "ಯಾವ ಹೋಟ್ಲಿನದ್ದು ಮಾರಾಯ್ತಿ ಇದು?"
"ನಮ್ಮದೇ."
"ಹೌದಾ." ಚಮಚವನ್ನು ಪಕ್ಕಕ್ಕೆ ಸರಿಸಿದರು.
ಜ್ವರಕ್ಕೆ ನಾಲಿಗೆ ಕೆಟ್ಟಿರಬೇಕು. ಹಾಗಂತ ಬರೆದುಕೊಳ್ಳುವುದು ಯಾರನ್ನು ನಂಬಿಸಲಿಕ್ಕೆ?

೩ ಮಾರ್ಚ್, ಬೆಳಿಗ್ಗೆ
ಬಾಗಿಲಲ್ಲಿ ಕೊರಗಪ್ಪ. ಕೈಯಲ್ಲಿ ಮಡಕೆ, ಮಡಕೆಯಲ್ಲಿ ಕೆಂಡ. ಅಪ್ಪ ಇನ್ನೂ ಉಸಿರಾಡುತ್ತಿದ್ದಾರೆ.
"ಯಾರು ಹೇಳಿದ್ದು ತರ್ಲಿಕ್ಕೆ?"
"ಧಣಿಗಳೇ ಹೇಳಿ ಕಳಿಸಿದ್ರು. ಮೊದಲೇ ಒಮ್ಮೆ ನೋಡ್ಬೇಕಂತೆ." ನನ್ನ ಮುಖ ನೋಡಲಿಲ್ಲ.
ಮಡಕೆ ಈಗ ಹಾಸಿಗೆಯ ಪಕ್ಕ. ನೀರು ತರುವ ನೆವದಲ್ಲಿ ಈಚೆ ಬಂದು ಇದನ್ನು ಗೀಚುತ್ತಿದ್ದೇನೆ. ಕೊರಗಪ್ಪ ಬಾಯಿ ಬಿಟ್ಟಿಲ್ಲ, ಬಿಡುವುದೂ ಇಲ್ಲ.
ಒಳಗಿನಿಂದ ಅಪ್ಪ: "ರಾಜೀವೀ, ಇಲ್ಲಿ ಬಾ. ನೀನೇ ಹೇಳು, ಇದು ಅದೇ ಬೆಂಕಿಯಾ?"
ಹೌದು ಅಂದರೆ ಪುಸ್ತಕದಲ್ಲೂ ಹಾಗೆಯೇ ಬರೆಯಬೇಕು. ಇಲ್ಲ ಅಂದರೆ—
ಆ ಬೆಂಕಿಯದ್ದು ಉಳಿದಿರುವುದು ಕವರ್ ಚಿತ್ರದ ಮೇಲಿನ ಕಪ್ಪು ಮಾತ್ರ.
ಮತ್ತೆ ಕರೆದರು. ಚಿತ್ರ ಕೈಯಲ್ಲಿದೆ. ಹೋಗಿ ಇದನ್ನೇ ಅವರ ಮುಂದಿಡುತ್ತೇನೆ.